ಕೆಸರು ತಿಂದ ಬಾತು

ಟ್ರೂಡಿಗೆ ಸಿಟ್ಟು ಬಂದ್ರೆ ಅವಳು ಕಿರುಚಾಡಲ್ಲ, ಸುಮ್ನಾಗ್ಬಿಡ್ತಾಳೆ. ಡಿಲ್ಗಾ ಊರಲ್ಲಿ ಇದು ಎಲ್ರಿಗೂ ಗೊತ್ತು. ಅವಳು ಬೈತಾ ಇದ್ರೆ ಪಕ್ಕದಲ್ಲೇ ಕೂತು ಬಿಯರ್ ಕುಡೀಬಹುದು, ಮಾತು ನಿಂತ್ರೆ ಮಾತ್ರ ಗ್ಲಾಸ್ ಎತ್ಕೊಂಡು ಆಚೆ ಟೇಬಲ್ಲಿಗೆ ಹೋಗಿ ಅಂತ ಅವಳ ಅಣ್ಣ ಗಾರ್ತೇ ಪಬ್ಬಿಗೆ ಬಂದ ಹೊಸಬರಿಗೆಲ್ಲ ಹೇಳಿಕೊಡ್ತಿದ್ದ.

ಆ ಮಾರ್ಚಿನ ಬೆಳಿಗ್ಗೆ, ಬಾತು ಬೇಟೆ ಶುರುವಾದ ಮೊದಲನೇ ದಿನ, ಡಿಲ್ಗಾ ಕೆರೆಯ ಸೊಂಟದ ಮಟ್ಟದ ನೀರಲ್ಲಿ ನಿಂತು, ನಾಯಿ ಕಚ್ಕೊಂಡು ತಂದ ಹಕ್ಕಿಯನ್ನ ಕೈಯಲ್ಲಿ ತಿರುಗಿಸಿ ನೋಡಿದ ಟ್ರೂಡಿ ಸುಮ್ನಾದ್ಲು.

ಹೊಡೆಯೋಕೆ ಅನುಮತಿ ಇರೋ ಕರಿಬಾತಾಗಿದ್ರೆ ಕಣ್ಣಿನ ಮೇಲೆ ಕೆಳಗೆ ಬಿಳಿ ಗೆರೆ ಇರ್ಬೇಕು. ಇದಕ್ಕೆ ಗೆರೆ ಇಲ್ಲ. ಮೈಯೆಲ್ಲಾ ಒಂದೇ ಕಂದು, ಅದರ ಮೇಲೆ ಯಾರೋ ನುಣ್ಣಗಿನ ಉಪ್ಪು ಉದುರಿಸಿದ ಹಾಗೆ ಚುಕ್ಕೆ. ನೆತ್ತಿ ಹಿಂದೆ ಚೂಪು. ಚುಕ್ಕೆಬಾತು. ಇಡೀ ದೇಶದಲ್ಲಿ ಉಳಿದಿರೋದೇ ಸ್ವಲ್ಪ, ಮುಟ್ಟಿದ್ರೆ ಕೇಸು. ಹಕ್ಕಿ ಗುರುತಿಸೋ ಪರೀಕ್ಷೆ ಪಾಸಾಗದೆ ಇಲ್ಲಿ ಯಾರಿಗೂ ಬೇಟೆ ಲೈಸೆನ್ಸ್ ಕೊಡಲ್ಲ. ಆ ಪರೀಕ್ಷೇಲಿ ಒಂದೂ ತಪ್ಪಿಲ್ಲದೆ ಪಾಸಾದವಳು ಟ್ರೂಡಿ. ಹಕ್ಕಿ ಇನ್ನೂ ಬಿಸಿ ಇತ್ತು, ಕತ್ತು ಮಾತ್ರ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು.

ತಪ್ಪು ಹೇಗಾಯ್ತು ಅಂದ್ರೆ, ಅದು ಟ್ರೂಡಿಯ ಮನೆಯವರಿಗೆ, ಹ್ಯಾಡ್ರಿಲ್ ಮನೆಯವರಿಗೆ, ಮಾತ್ರ ಆಗಬಹುದಾದ ತಪ್ಪು. ಬೇರೆಯವರೆಲ್ಲ ಒಬ್ಬೊಬ್ರೇ ನಿಂತು ತಾವೇ ನೋಡಿ ತಾವೇ ಹೊಡೀತಾರೆ. ಇವರಪ್ಪ ಅದನ್ನ ಒಪ್ತಿರ್ಲಿಲ್ಲ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹಿಂದಿನವನು ಹಕ್ಕಿ ಬರೋ ದಿಕ್ಕಿಗೆ ಮುಖ ಮಾಡಿ, ಏನು ಬರ್ತಿದೆ, ಯಾವ ಕಡೆಯಿಂದ ಅಂತ ಕೂಗಬೇಕು. ಮುಂದಿನವನು ತಲೆಮೇಲೆ ದಾಟಿದ ತಕ್ಷಣ ಹೊಡೀಬೇಕು. ಕಣ್ಣು ಒಬ್ಬರದು, ಕೈ ಒಬ್ಬರದು. ಮೊದಮೊದಲು ಊರೆಲ್ಲ ನಕ್ಕಿತ್ತಂತೆ, ಆಮೇಲೆ ಹೊಡೆದ ಹಕ್ಕಿ ಸಿಕ್ಕಿಸಿ ಭುಜಕ್ಕೆ ಹಾಕ್ಕೊಳ್ಳೋ ಚರ್ಮದ ಬಾರು ಹ್ಯಾಡ್ರಿಲ್ ಮನೆಯವರದೇ ಮೊದಲು ತುಂಬೋದು ನೋಡಿ ಬಾಯಿ ಮುಚ್ಕೊಂಡ್ರು. ಗಾರ್ತ್ ಹುಟ್ಟಾ ಕೂಗೋನು. ಟ್ರೂಡಿ ಹೊಡೆಯೋಳು.

ಗಾರ್ತ್ ಅವತ್ತು ಕರಿ, ಎಡಗಡೆ, ಕೆಳಗೆ ಅಂತ ಕೂಗಿದ. ಐದು ಹಕ್ಕಿ ಸಾಲಾಗಿ ಬಂದ್ವು. ಟ್ರೂಡಿ ಕೊನೇದಕ್ಕೆ ಹೊಡೆದ್ಲು. ಮುಂದಿನ ನಾಲ್ಕೂ ಕರಿಬಾತೇ. ಬಾಲಕ್ಕೆ ಅಂಟಿಕೊಂಡು ಬಂದದ್ದು ಇದು. ಈ ಚುಕ್ಕೆಬಾತಿಗೆ ಒಂದು ಹಾಳು ಚಾಳಿ ಇದೆ. ಗುಂಡಿನ ಸದ್ದು ಕೇಳಿದ್ರೆ ಬೇರೆ ಬಾತೆಲ್ಲ ಎದ್ದೆನೋ ಬಿದ್ದೆನೋ ಅಂತ ಮೇಲಕ್ಕೆ ಓಡ್ತವೆ. ಇದು ಏನದು ಅಂತ ನೋಡೋಕೆ ವಾಪಸ್ ಬರುತ್ತೆ.

ಗಾರ್ತ್ ತಿರುಗಿ ಅವಳ ಕೈ ನೋಡಿದ.

"ತುಳಿ," ಅಂದ.

ಒಂದೇ ಮಾತು. ವಿವರಿಸೋದೇನೂ ಬೇಡ ಆ ಕೆರೇಲಿ. ಹೊಡೀಬಾರದ್ದು ಹೊಡೆದ್ರೆ ಅದನ್ನ ನೀರೊಳಗೆ ಬಿಟ್ಟು, ಎದೆಮಟ್ಟದ ರಬ್ಬರ್ ಬೂಟಿನ ಹಿಮ್ಮಡೀಲಿ ಕರೀ ಕೆಸರಿಗೆ ಒತ್ತೋದು. ಎರಡು ಸಲ ಒತ್ತಿದ್ರೆ ಜೊಂಡಿನ ಬೇರು ಅದನ್ನ ಹಿಡ್ಕೊಳ್ಳುತ್ತೆ, ಮೇಲೆ ಬರಲ್ಲ. ಎಷ್ಟು ವರ್ಷದಿಂದ ಎಷ್ಟು ಹಕ್ಕಿ ಹಾಗೆ ಹೋಗಿದಾವೋ, ಕೆಸರು ಬಾಯಿ ಬಿಟ್ರೆ ಗೊತ್ತಾಗುತ್ತೆ.

ಪಕ್ಕದ ಜೊಂಡಿನ ಮರೆಯಿಂದ ನೆವ್ ಪಾಸ್ಕೋ ನೀರು ತಳ್ಳಿಕೊಂಡು ಬಂದ. ಬೇಟೆಗಾರರ ಸಂಘದ ಅಧ್ಯಕ್ಷ ಅವನು. ಕೆರೆಯ ಉತ್ತರದ ದಂಡೇಲಿ ಬಾದಾಮಿ ತೋಟ, ಪಬ್ಬಲ್ಲಿ ಅವನಿಗೇ ಅಂತ ಒಂದು ಕುರ್ಚಿ. ಹಕ್ಕಿಯನ್ನ ನೋಡಿ, ಹಲ್ಲಿ ಬಿದ್ದ ಸಾರು ನೋಡಿದವನ ಹಾಗೆ ಮೂತಿ ಮಾಡಿದ.

"ಕೆಸರು ತಿಂದದ್ದಕ್ಕೆ ಯಾರೂ ಲೆಕ್ಕ ಕೇಳಲ್ಲ ಮರಿ," ಅಂದ. "ದಡದಲ್ಲಿ ಆ ಹಳದಿ ಕೋಟಿನವರು ಕ್ಯಾಮೆರಾ ಹಿಡ್ಕೊಂಡು ಕಾಯ್ತಿದಾರೆ. ಬೇಟೆನೇ ನಿಲ್ಲಿಸ್ಬೇಕು ಅನ್ನೋರು. ಅವರಿಗೆ ನೀನು ತಟ್ಟೇಲಿಟ್ಟು ಊಟ ಬಡಿಸ್ತೀಯಾ?"

ಟ್ರೂಡಿಗೆ ಅಪ್ಪ ಕಲಿಸಿದ ಇನ್ನೊಂದು ಪದ್ಧತಿ ಇತ್ತು: ಹೊಡೆದದ್ದನ್ನ ಹೊರು. ಚೆನ್ನಾಗಿರೋದು, ಛಿದ್ರ ಆಗಿರೋದು, ನರಿ ನೆಕ್ಕಿದ್ದು, ಯಾವುದಾದ್ರೂ ಸರಿ, ಕೊಂದಿದ್ದೀಯ ಅಂದ್ರೆ ದಡದ ತನಕ ನಿನ್ನ ಭುಜದ ಮೇಲೇ ಬರಬೇಕು. ಅಪ್ಪ ಸತ್ತು ಎಷ್ಟೋ ವರ್ಷ ಆಗಿತ್ತು, ಅವನ ಕೋಟು ಟ್ರೂಡಿ ಮೈಮೇಲಿತ್ತು. ಅವಳು ಚುಕ್ಕೆಬಾತಿನ ಕತ್ತನ್ನ ಬಾರಿಗೆ ಸಿಕ್ಕಿಸಿ, ಬೆನ್ನಿಗಲ್ಲ, ಎಲ್ರಿಗೂ ಕಾಣೋ ಹಾಗೆ ಎದೆ ಮುಂದೆ ಇಳಿಬಿಟ್ಕೊಂಡು ದಡದ ಕಡೆ ನಡೆದ್ಲು. ನಾಯಿ ಮಿಂಟಿ ಹಿಂದೆ ಈಜಿಕೊಂಡು ಬಂತು. ಗಾರ್ತ್ ಬರ್ಲಿಲ್ಲ. ಅದನ್ನ ಅವಳು ಗಮನಿಸಿದ್ಲು.

ದೋಣಿ ಇಳಿಸೋ ಜಾಗದಲ್ಲಿ ಮಡಚೋ ಮೇಜು ಹಾಕ್ಕೊಂಡು ಬೇಟೆ ಇಲಾಖೆಯ ಮೋಯ್ರಾ ಕೂತಿದ್ಲು. ಕೆಟ್ಟವಳಲ್ಲ. ಹಕ್ಕಿ ನೋಡಿದಾಗ ಅವಳ ಮುಖ ಮೇಷ್ಟ್ರ ಮುಂದೆ ನಿಂತ ಹುಡುಗಿ ಹಾಗಾಯ್ತು. ತಪ್ಪು ಮಾಡಿದವಳು ಆಚೆ ನಿಂತಿದ್ಲು, ಹೆದರಿದವಳು ಈಚೆ ಕೂತಿದ್ಲು.

"ನೀನಾಗೇ ತಂದುಕೊಟ್ಟೆ ಅಂತ ಬರೀತೀನಿ," ಅಂದ್ಲು ಮೋಯ್ರಾ ಮೆಲ್ಲಗೆ. "ಬರೆದ್ರೆ ಏನಾಗುತ್ತೆ ಅಂತ ಮಾತ್ರ ನನ್ನ ಕೇಳ್ಬೇಡ."

ಏನಾಯ್ತು ಅಂದ್ರೆ, ಅವತ್ತೇ ಬಂದೂಕು ಹೋಯ್ತು. ಬಾತು ಹೊಡೆಯೋ ಬಂದೂಕಷ್ಟೇ ಅಲ್ಲ, ಮನೆಯ ಬೀರುವಲ್ಲಿ ಅವಳ ಹೆಸರಲ್ಲಿದ್ದ ಎಲ್ಲವೂ. ಟ್ರೂಡಿಗೆ ಬೇಟೆ ಅಂದ್ರೆ ಭಾನುವಾರದ ಮೋಜಲ್ಲ. ಕುರಿ ಸಾಕೋರ ಹೊಲಗಳಲ್ಲಿ ಮೊಲ, ನರಿ ಹೊಡೆಯೋದೇ ಅವಳ ಕೆಲಸ. ಕುರಿಮರಿ ಹುಟ್ಟೋ ಕಾಲದಲ್ಲಿ ಅವಳಿಗೆ ಫೋನಿನ ಮೇಲೆ ಫೋನು. ಆ ವರ್ಷ ಫೋನು ಬಂದಾಗೆಲ್ಲ ಅವಳು ಆಗಲ್ಲ ಅಂದ್ಲು, ಯಾಕೆ ಅಂತ ಕೇಳಿದವರಿಗೆ ಪೇಪರ್ ಓದಿ ಅಂದ್ಲು.

ಪೇಪರಲ್ಲಿ ಬಂದಿತ್ತು. ಹಳದಿ ಕೋಟಿನವರು ಫೋಟೋ ತೆಗೆದಿದ್ರು: ಎದೆ ಮೇಲೆ ಚುಕ್ಕೆಬಾತು, ಮೇಲೆ ಟ್ರೂಡಿಯ ಗಡುಸು ಮುಖ. ಅದಕ್ಕೆ ಅವಳು ಹೆಚ್ಚೇನೂ ಅನ್ಕೊಳ್ಳಲಿಲ್ಲ, ಬೇಟೆ ಬೇಡ ಅನ್ನೋದು ಅವರ ದಾರಿ, ಮುಖಕ್ಕೆ ಹೇಳ್ತಾರೆ. ಅವಳ ಮೈಗೆ ಬೆಂಕಿ ಬಿದ್ದದ್ದು ಫೋಟೋ ಕೆಳಗಿದ್ದ ನೆವ್ ಪಾಸ್ಕೋ ಮಾತಿಗೆ. ಬೇಜವಾಬ್ದಾರಿ ಜನಕ್ಕೆ ನಮ್ಮ ಸಂಘದಲ್ಲಿ ಜಾಗ ಇಲ್ಲ, ಇವಳನ್ನ ತೆಗೆದುಹಾಕಿದ್ದೀವಿ, ನಮಗೂ ಈ ಹಕ್ಕಿಗಳ ಮೇಲೆ ಪ್ರೀತಿ ಇದೆ ಅಂತ ಹೇಳಿದ್ದ. ಬೇಕರೀಲಿ ನಿಂತು ಅದನ್ನ ಓದಿದ ಟ್ರೂಡಿ, ತಗೊಂಡ ಮಾಂಸದ ಪೈಯನ್ನ ಕೌಂಟರ್ ಮೇಲೇ ಬಿಟ್ಟು, ಪಿಕಪ್ ಹತ್ತಿ ಸೀದಾ ಉತ್ತರದ ದಂಡೆಗೆ ಹೋದ್ಲು.

ನೆವ್ ಅವನ ತೋಟದಲ್ಲೇ ಇದ್ದ. ಬಾದಾಮಿ ಸಸಿಗಳು ಪೊಲೀಸ್ ಪರೇಡ್ ಹಾಗೆ ಸಾಲಾಗಿ ನಿಂತಿದ್ವು, ಪ್ರತಿಯೊಂದರ ಬುಡಕ್ಕೂ ನೀರಿನ ಕರೀ ಪೈಪು. ಎರಡು ವರ್ಷದ ಹಿಂದೆ ಅಲ್ಲಿ ಲಿಗ್ನಮ್ ಇತ್ತು. ನೀರು ಬಂದಾಗ ನೀರಲ್ಲೇ ನಿಂತ್ಕೊಳ್ಳೋ ಸಿಕ್ಕುಸಿಕ್ಕು ಪೊದೆ. ಮನುಷ್ಯ ನುಗ್ಗಿದ್ರೆ ಅಂಗಿ ಅಲ್ಲೇ ಬಿಟ್ಟು ಬರ್ಬೇಕು. ಚುಕ್ಕೆಬಾತು ಗೂಡು ಕಟ್ಟೋದು ಅದರೊಳಗೆ. ಬೇರೆಲ್ಲೂ ಅದಕ್ಕೆ ಮನಸ್ಸು ಬರಲ್ಲ.

"ನೆವ್, ಇಲ್ಲಿ ಏನಿತ್ತು?" ಅಂತ ಕೇಳಿದ್ಲು.

"ಪೊದೆ ಇತ್ತು. ತೆಗೆಯೋಕೆ ಪರ್ಮಿಟ್ಟೂ ಇತ್ತು."

"ಪೊದೆ ಒಳಗೆ?"

ನೆವ್ ಟೋಪಿ ಹಿಂದಕ್ಕೆ ತಳ್ಳಿ ನಕ್ಕ. "ಪರ್ಮಿಟ್ಟಲ್ಲಿ ಪೊದೆ ಅಂತ ಬರೆದಿತ್ತು ಮರಿ. ಒಳಗೆ ಅಂತ ಬರೆದಿರ್ಲಿಲ್ಲ."

ಅವನ ಬುಲ್ಡೋಜರ್ ಓಡಿದ್ದು ಸೆಪ್ಟೆಂಬರಲ್ಲಿ, ಮೊಟ್ಟೆ ಇಡೋ ಕಾಲದಲ್ಲಿ. ಊರಿಗೆ ಊರೇ ನೋಡಿತ್ತು. ಟ್ರೂಡಿನೂ ನೋಡಿದ್ಲು, ಆ ಸದ್ದಿಗೆ ಬೈಕೊಂಡು ಕಿಟಕಿ ಹಾಕಿದ್ಲು. ಈಗ ಅವಳಿಗೆ ಇಡೀ ಮೈ ಉರೀತು. ಕಣ್ತಪ್ಪಿ ಒಂದು ಹಕ್ಕಿ ಹೊಡೆದವಳ ಕೈಯಿಂದ ಅನ್ನ ಕಿತ್ಕೊಂಡ್ರು, ಕಣ್ಬಿಟ್ಟು ಗೂಡಿಗೆ ಗೂಡೇ ಉತ್ತವನು ಪೇಪರಲ್ಲಿ ಹಕ್ಕಿ ಮೇಲೆ ಪ್ರೀತಿ ಅಂತಾನೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ಆದ್ರೆ ಇಲ್ಲಿ ಬರೆ ಹಾಕೋ ಕಬ್ಬಿಣನೂ ಎತ್ತಿನ ಕೈಯಲ್ಲೇ ಇತ್ತು.

ಕೇಸು ಕೋರ್ಟಿಗೆ ಬಂದದ್ದು ಜುಲೈಲಿ, ಇಲ್ಲಿನ ಚಳಿಗಾಲದಲ್ಲಿ. ಹಿಂದಿನ ದಿನ ಗಾರ್ತ್ ಅಡುಗೆಮನೇಲಿ ಟೋಸ್ಟ್ ಸೀಯಿಸ್ತಾ, ಕೂಗಿದ್ದು ನಾನು ಅಂತ ಕೋರ್ಟಲ್ಲಿ ಹೇಳ್ತೀನಿ ಅಂದ. ಹಾಗೆ ಹೇಳಿದ್ರೆ ಅವನ ಮೇಲೂ ಕೇಸ್ ಆಗಬಹುದು, ಅವನ ಲೈಸೆನ್ಸೂ ಹೋಗಬಹುದು ಅಂತ ಟ್ರೂಡಿಯ ವಕೀಲ ಮೊದಲೇ ಹೇಳಿದ್ದ. ಟ್ರೂಡಿ ಬೇಡ ಅಂದ್ಲು, ಮನೇಲಿ ಒಂದಾದ್ರೂ ಬಂದೂಕು ಇರ್ಲಿ ಅಂದ್ಲು. ಅವನು ಸರಿ ಅಂದ. ಇಷ್ಟು ಬೇಗ ಸರಿ ಅಂತಾನೆ ಅಂತ ಅವಳು ಅಂದ್ಕೊಂಡಿರ್ಲಿಲ್ಲ. ಸೀದ ಟೋಸ್ಟನ್ನ ಅವಳೇ ತಿಂದ್ಲು, ಬೆಣ್ಣೆ ಕೂಡ ಹಚ್ಚಲಿಲ್ಲ.

ಕೋರ್ಟಲ್ಲಿ ಇಲಾಖೆ ವಕೀಲ ಚುಕ್ಕೆಬಾತು ಎಷ್ಟು ಅಪರೂಪ ಅಂತ ಹೇಳ್ದ. ಅದು ನಿಜ, ಟ್ರೂಡಿ ತಲೆ ಆಡಿಸಿದ್ಲು. ಬಂದೂಕು ಎತ್ತಿದವರೇ ಗುರುತು ಹಿಡಿಯೋ ಹೊಣೆ ಹೊರಬೇಕು ಅಂದ. ಅದಕ್ಕೂ ತಲೆ ಆಡಿಸಿದ್ಲು. ಆಮೇಲೆ, ಈ ಕೇಸು ಬೇರೆಯವರಿಗೆ ಪಾಠ ಆಗ್ಬೇಕು ಅಂದ. ಅಲ್ಲಿಗೆ ಅವಳ ತಲೆ ನಿಂತುಹೋಯ್ತು.

ಏನಾದ್ರೂ ಹೇಳೋದಿದ್ಯಾ ಅಂತ ಮ್ಯಾಜಿಸ್ಟ್ರೇಟ್ ಕೇಳಿದ್ರು. ಬಿಳೀ ಹುಬ್ಬಿನ, ದಣಿದ ಮನುಷ್ಯ. ಟ್ರೂಡಿ ಎದ್ದು ನಿಂತ್ಲು. ಹಿಂದಿನ ಬೆಂಚಲ್ಲಿ ನೆವ್ ಪಾಸ್ಕೋ ಇಸ್ತ್ರಿ ಮಾಡಿದ ಕೋಟಲ್ಲಿ ಕೂತಿದ್ದ.

"ನಂಗೆ ಶಿಕ್ಷೆ ಬೇಡ ಅಂತಿಲ್ಲ ಸರ್," ಅಂದ್ಲು. "ಕೊಂದಿದ್ದೀನಿ. ಆದ್ರೆ ಆ ಹಕ್ಕಿಗೆ ಏನಾದ್ರೂ ಸಿಗೋ ಶಿಕ್ಷೆ ಕೊಡಿ. ಗುದ್ದಲಿ ಕೊಡಿ. ಉತ್ತರದ ದಂಡೇಲಿ ಲಿಗ್ನಮ್ ನೆಡ್ತೀನಿ, ಅದು ಬೇರು ಹಿಡಿಯೋ ತನಕ ಎಷ್ಟು ವರ್ಷ ಆದ್ರೂ ಸರಿ, ಮಾಡ್ತೀನಿ. ಬಾತು ಬೇಟೆ ಲೈಸೆನ್ಸ್ ತಗೊಳ್ಳಿ, ಮತ್ತೆ ಪರೀಕ್ಷೆ ಬರೆಸಿ, ಅದು ನ್ಯಾಯ. ನರಿ ಹೊಡೆಯೋ ಬಂದೂಕು ಕಿತ್ಕೊಂಡ್ರೆ ಬಾತಿಗೇನು ಸಿಗುತ್ತೆ? ಇನ್ನೊಂದು ಮಾತು. ತಾನಾಗೇ ಹೊತ್ಕೊಂಡು ಬಂದವಳಿಗೂ ಕೆಸರಲ್ಲಿ ತುಳಿದವನಿಗೂ ಒಂದೇ ತಕ್ಕಡಿ ಅಂದ್ರೆ, ನಾಳೆ ಹೊತ್ಕೊಂಡು ಬರೋರು ಯಾರು? ಮತ್ತೆ ಆ ಪೊದೆ ಉತ್ತವರನ್ನ..."

ಮ್ಯಾಜಿಸ್ಟ್ರೇಟ್ ಕೈ ಎತ್ತಿದ್ರು. ಆ ವಿಷಯ ಈ ಕೋರ್ಟಿನ ಮುಂದಿಲ್ಲ ಅಂದ್ರು. ನೆಡೋ ಮಾತಿಗೆ ಇಲಾಖೆ ಒಪ್ಪುತ್ತಾ ಅಂತ ವಕೀಲನ ಕಡೆ ನೋಡಿದ್ರು, ಅವನು ಇಲ್ಲ ಅಂದ. ಇವಳು ಪ್ರಾಮಾಣಿಕವಾಗಿ ತಂದುಕೊಟ್ಟಿದ್ದನ್ನ ಗಮನಿಸಿದ್ದೀನಿ ಅಂದ್ರು, ದಂಡ ಕಮ್ಮಿ ಮಾಡಿದ್ರು. ಆದ್ರೆ ಅಪರಾಧ ಸಾಬೀತು ಆದಮೇಲೆ ಬಂದೂಕಿನ ಲೈಸೆನ್ಸ್ ತಾನಾಗೇ ಹೋಗುತ್ತೆ, ಐದು ವರ್ಷ, ಅದು ನನ್ನ ಕೈಲಿಲ್ಲಮ್ಮ ಅಂದ್ರು. ನಿಜವಾಗ್ಲೂ ಬೇಜಾರಾದವರ ಹಾಗೇ ಅಂದ್ರು. ಮೋಯ್ರಾ ಕೈಲಿಲ್ಲ, ಮ್ಯಾಜಿಸ್ಟ್ರೇಟ್ ಕೈಲಿಲ್ಲ. ಯಾರ ಕೈಲೂ ಇಲ್ಲದ ಕಾನೂನು ಟ್ರೂಡಿ ಕತ್ತಿಗೆ ಮಾತ್ರ ಹೇಗೆ ಸರಿಯಾಗಿ ಬಂದು ಕೂತ್ಕೊಳ್ತೋ.

ಆಮೇಲೆ ಅವಳ ಕೆಲಸ ಗಾರ್ತ್ ಮಾಡೋಕೆ ಶುರು ಮಾಡಿದ. ಮಾಡ್ದೆ ಇನ್ನೇನು. ಅವನು ಹೊಡೀತಾನೆ, ಅವಳು ಪಿಕಪ್ ಓಡಿಸ್ತಾಳೆ, ಲೈಟ್ ಹಿಡೀತಾಳೆ, ಮೊಲದ ಚರ್ಮ ಸುಲೀತಾಳೆ. ಅವನ ಗುರಿ ಅಷ್ಟಕ್ಕಷ್ಟೇ. ಅವಳು ನೋಡ್ಕೊಂಡು ಹಲ್ಲು ಕಡೀತಾಳೆ. ಇಬ್ಬರ ಊಟ ಈಗ ಅವನೊಬ್ಬನ ಲೈಸೆನ್ಸಿನ ಮೇಲೆ ನಿಂತಿತ್ತು.

ಮತ್ತೆ ಮಾರ್ಚ್ ಬಂತು. ಬೇಟೆಯ ಮೊದಲನೇ ದಿನ ಟ್ರೂಡಿ ಮನೇಲಿ ಕೂರಲಿಲ್ಲ. ಬೆಳಗಾಗೋ ಮುಂಚೆ ಗಾರ್ತ್ ಜೊತೆ ಹೋಗಿ ದಡದ ಮೇಲೆ, ಪಿಕಪ್ಪಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತ್ಲು, ಪಕ್ಕದಲ್ಲಿ ಮಿಂಟಿ. ಲೈಸೆನ್ಸ್ ಇಲ್ಲದವರು ಹತ್ತು ಗಂಟೆ ತನಕ ನೀರಿಗೆ ಇಳಿಯೋ ಹಾಗಿಲ್ಲ. ಹಳದಿ ಕೋಟಿನವರಿಗೂ ಅದೇ ನಿಯಮ, ಅವರೂ ಸ್ವಲ್ಪ ದೂರದಲ್ಲಿ ಸಾಲಾಗಿ ನಿಂತಿದ್ರು. ಅದರಲ್ಲೊಬ್ಬಳು ಹೆಂಗಸು ಇವಳ ಗುರುತು ಹಿಡಿದು ಬಿಸ್ಕತ್ತು ಕೊಟ್ಟಳು. ಟ್ರೂಡಿ ತಗೊಂಡ್ಲು, ತಿಂದ್ಲು, ಬೇಟೆ ಬಗ್ಗೆ ಒಂದು ಮಾತೂ ಆಗಲಿಲ್ಲ.

ಗಾರ್ತ್ ಒಬ್ಬನೇ ಹೋಗಿ ಅವರ ಹಳೇ ಜಾಗದಲ್ಲಿ ನಿಂತಿದ್ದ. ಬೆನ್ನಿಗೆ ಬೆನ್ನು ಕೊಡೋರು ಯಾರೂ ಇಲ್ಲ. ಜನ್ಮವೆಲ್ಲ ಆಕಾಶ ನೋಡಿ ಕೂಗಿದವನು ಈಗ ತಾನೇ ನೋಡಿ, ತಾನೇ ತಿರುಗಿ, ತಾನೇ ಹೊಡೀಬೇಕು. ದಡದಿಂದ ಅವನ ಟೋಪಿ ಒಂದೇ ಕಾಣ್ತಿತ್ತು. ಶುರುವಿನ ಗದ್ದಲದಲ್ಲಿ ಅವನ ಬಂದೂಕೂ ಎರಡು ಮೂರು ಸಲ ಸದ್ದು ಮಾಡ್ತು. ಆಮೇಲೆ ಅವನ ಕಡೆಯಿಂದ ಒಂದೂ ಇಲ್ಲ. ತಲೆ ಮೇಲೆ ಒಳ್ಳೊಳ್ಳೆ ಕರಿಬಾತು ದಾಟಿ ಹೋದ್ರೂ ಟೋಪಿ ಅಲ್ಲಾಡ್ಲಿಲ್ಲ. ಗುಂಡು ಸಿಕ್ಕಿಹಾಕ್ಕೊಂಡಿದ್ಯೇನೋ ಅನ್ಕೊಂಡ್ಲು.

ಗಂಟೆ ಹತ್ತಾದ ತಕ್ಷಣ ಟೀ ಫ್ಲಾಸ್ಕ್ ಹಿಡ್ಕೊಂಡು ನೀರಿಗಿಳಿದ್ಲು. ಮಿಂಟಿ ಅವಳಿಗಿಂತ ಮೊದಲೇ ಹೋಗಿ ಗಾರ್ತ್ ಕೋಟಿನ ಕೆಳಗೆ ಮೂತಿ ತೂರಿಸ್ತಿತ್ತು, ಅವನು ಅದನ್ನ ಮೊಣಕಾಲಲ್ಲಿ ತಳ್ತಿದ್ದ.

"ಏನದು?" ಅಂದ್ಲು.

ಅವನು ಕೋಟು ಸರಿಸಿದ. ಚೂಪು ನೆತ್ತಿ. ಉಪ್ಪು ಉದುರಿಸಿದ ಹಾಗೆ ಚುಕ್ಕೆ.

ಹಕ್ಕಿ ಅಷ್ಟೊತ್ತಿಗೆ ತಣ್ಣಗಾಗಿ ಸೆಟೆದುಕೊಂಡಿತ್ತು. ಶುರುವಿನಲ್ಲೇ ಬಿದ್ದದ್ದು ಅಂದ. ಸದ್ದು ಕೇಳಿ ವಾಪಸ್ ಬಂತು ಟ್ರೂಡ್, ನೇರ ನನ್ನ ಮುಖಕ್ಕೇ ಬಂತು, ಬೆಳಕು ಎದುರಿಗಿತ್ತು ಅಂದ. ಆವಾಗಿಂದ ಅದನ್ನ ಕಂಕುಳಲ್ಲಿ ಇಟ್ಕೊಂಡೇ ನಿಂತಿದ್ದ. ತುಳಿಯೋಕೆ ಕಾಲು ಎತ್ತಿದಾಗೆಲ್ಲ ದಡದ ಮೇಲೆ ಅವಳು ಕಾಣ್ತಿದ್ಲಂತೆ.

"ಹೇಳು," ಅಂದ ಗಾರ್ತ್. ತುಟಿ ಚಳಿಗೆ ನೀಲಿ ಆಗಿತ್ತು. "ನೀನು ಹೊರು ಅಂದ್ರೆ ಹೊರ್ತೀನಿ. ಈ ಸಲ ನಿಜವಾಗ್ಲೂ ಹೊರ್ತೀನಿ. ಮೋಯ್ರಾ ಮೇಜಿನ ಮೇಲೆ ನಾನೇ ಇಡ್ತೀನಿ."

ಟ್ರೂಡಿ ಬಾಯಿ ತೆಗೆದ್ಲು. ಹೊರು ಅನ್ನೋ ಮಾತು ನಾಲಿಗೆ ತುದೀಲೇ ಇತ್ತು, ಚಿಕ್ಕಂದಿನಿಂದ ಅಲ್ಲೇ ಇದ್ದ ಮಾತು. ಹೊರಗೆ ಬರ್ಲಿಲ್ಲ. ಅದರ ಬದಲು ಕಣ್ಮುಂದೆ ಬಂದದ್ದು ಖಾಲಿ ಬೀರು, ಮತ್ತೊಂದು ಜುಲೈ, ಅದೇ ವಕೀಲ, ಪಾಠ ಆಗ್ಬೇಕು ಅನ್ನೋ ಅದೇ ದನಿ. ಹೊತ್ಕೊಂಡು ಹೋದ್ರೆ ಈ ಹಕ್ಕಿಗೆ ಒಂದು ಗರಿ ವಾಪಸ್ ಬರಲ್ಲ. ಒಂದು ಪೊದೆ ಹುಟ್ಟಲ್ಲ. ಇವರಿಬ್ಬರ ಒಲೆ ಆರುತ್ತೆ, ಅಷ್ಟೇ. ಅವಳಿಗೆ ಗಾರ್ತ್ ಮೇಲೆ ಸಿಟ್ಟು ಬಂತು, ಸತ್ತ ಅಪ್ಪನ ಮೇಲೆ ಬಂತು, ಸದ್ದು ಕೇಳಿದ್ರೆ ಓಡೋ ಬದಲು ನೋಡೋಕೆ ಬರೋ ಈ ಪೆದ್ದು ಹಕ್ಕಿ ಮೇಲೂ ಬಂತು.

ಅವಳು ಫ್ಲಾಸ್ಕನ್ನ ಅವನ ಕೈಗೆ ಕೊಟ್ಟು ಹಕ್ಕಿ ತಗೊಂಡ್ಲು. ಅವನು ಬೇಡ ಟ್ರೂಡ್, ನಾನು ಮಾಡ್ತೀನಿ ಅಂದ. ಅವಳು ಕೇಳಲಿಲ್ಲ. ನೀರೊಳಗೆ ಬಿಟ್ಟು, ಹಿಮ್ಮಡಿ ಇಟ್ಟು ಒತ್ತಿದ್ಲು. ಕೆಸರು ಮೊದಲು ತಡೀತು, ಆಮೇಲೆ ಬಾಯಿ ಬಿಡ್ತು. ರಬ್ಬರ್ ಬೂಟಿನ ಒಳಗಿಂದಲೇ ಎದೆಗೂಡು ಮುರಿದದ್ದು ಅವಳ ಕಾಲಿಗೆ ಗೊತ್ತಾಯ್ತು. ಇನ್ನೊಂದು ಸಲ ಒತ್ತಿದ್ಲು.

ತಲೆ ಎತ್ತಿದಾಗ ಪಕ್ಕದ ಮರೆಯಲ್ಲಿ ನೆವ್ ಪಾಸ್ಕೋ ನಿಂತಿದ್ದ. ಎಲ್ಲಾ ನೋಡಿದ್ದ. ಟೋಪಿ ಒಂಚೂರು ಎತ್ತಿ, ತಲೆ ಬಾಗಿಸಿದ, ಸಂಘದ ಮೀಟಿಂಗಿನಲ್ಲಿ ಹಳೇ ಸದಸ್ಯರು ಬಾಗಿಲಲ್ಲಿ ಕಂಡಾಗ ಬಾಗಿಸ್ತಾನಲ್ಲ, ಹಾಗೆ.

ಇಬ್ಬರೂ ದಡಕ್ಕೆ ಬಂದ್ರು. ಮೋಯ್ರಾ ಮೇಜಿನ ಮೇಲೆ ಗಾರ್ತ್ ತನ್ನ ಎರಡು ಕರಿಬಾತು ಇಟ್ಟ. ಮೋಯ್ರಾ ರೆಕ್ಕೆ ಬಿಡಿಸಿ ನೋಡಿ, ಸರಿ ಅಂದು, ಟ್ರೂಡಿ ಮುಖ ನೋಡಿ ಖುಷಿಯಿಂದ ಒಂದು ಸುದ್ದಿ ಹೇಳಿದ್ಲು. ಈ ವರ್ಷ ಇಷ್ಟೊತ್ತಿನ ತನಕ ಒಂದೇ ಒಂದು ಚುಕ್ಕೆಬಾತು ಮೇಜಿಗೆ ಬಂದಿಲ್ಲವಂತೆ. ಮೇಲಿನವರಿಗೂ ಫೋನ್ ಮಾಡಿ ಹೇಳಿದ್ಲಂತೆ.

"ನಿನಗೆ ಕಷ್ಟ ಆಯ್ತು, ಗೊತ್ತು," ಅಂದ್ಲು. "ಆದ್ರೆ ನೋಡು, ನಿನ್ನ ಕೇಸಿಂದ ಜನಕ್ಕೆ ಬುದ್ಧಿ ಬಂದಿದೆ."

ಆಗ ಕೆರೆ ಕಡೆಯಿಂದ ಮಿಂಟಿ ಬೊಗಳೋದು ಕೇಳಿಸ್ತು. ನಾಯಿ ವಾಪಸ್ ಬಂದೇ ಇರ್ಲಿಲ್ಲ. ಅದೇ ಜಾಗದಲ್ಲಿ, ನೀರಲ್ಲಿ ಸುತ್ತು ಹಾಕ್ತಾ, ತಲೆ ಮುಳುಗಿಸ್ತಾ, ಮತ್ತೆ ಎತ್ತಿ ದಡದ ಕಡೆ ನೋಡಿ ಬೊಗಳ್ತಿತ್ತು. ಹೊಡೆದದ್ದನ್ನ ತರದೆ ಬರೋದು ಅದಕ್ಕೆ ಯಾರೂ ಕಲಿಸಿರ್ಲಿಲ್ಲ.

ಮೋಯ್ರಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ಲು. "ಏನ್ ಸಿಕ್ಕಿದೆ ಅದಕ್ಕೆ?"

"ಸತ್ತ ಕಾರ್ಪ್ ಮೀನು," ಅಂದ್ಲು ಟ್ರೂಡಿ.

ಅವಳು ಶಿಳ್ಳೆ ಹಾಕಿದ್ಲು. ನಾಯಿ ಬರ್ಲಿಲ್ಲ. ಇನ್ನೊಂದು ಸಲ ಹಾಕಿದ್ಲು. ಆಮೇಲೆ ಸುಮ್ನಾದ್ಲು. ಗಾರ್ತ್ ಅವಳ ಮುಖ ನೋಡಿ, ಫ್ಲಾಸ್ಕ್ ಎತ್ಕೊಂಡು, ಪಿಕಪ್ಪಿನ ಆಚೆ ಬದಿಗೆ ಹೋಗಿ ನಿಂತ್ಕೊಂಡ.